ಎದುರು ಸಾಲಿನ ನಲವತ್ತಾರು

ಬ್ರೆನ್‌ಫೀಲ್ಡ್, ಅಯೋವಾ
ಭಾನುವಾರ, 5 ಸೆಪ್ಟೆಂಬರ್ 1976

ಕ್ಯಾಲ್ಡರ್ ಕಾಲೇಜಿನ ಫುಟ್‌ಬಾಲ್ ಸಿಂಹಾಸನವನ್ನು ಇಪ್ಪತ್ತಾರು ವರ್ಷಗಳಿಂದ ಅಲಂಕರಿಸಿರುವ ಕೋಚ್ ಆರ್ವಿಲ್ ಟೋರ್ಸನ್ ಮಹಾಶಯರ ಸನ್ನಿಧಾನಕ್ಕೆ, ತೊಂಬತ್ತು ಮೈಲಿ ಆಚೆಯ ಶತ್ರುಪಾಳೆಯದಿಂದ ಅವರ ಏಕಮಾತ್ರ ಪುತ್ರ ಲೈಲ್ ಮಾಡಿಕೊಳ್ಳುವ ಬಿನ್ನಹ.

ಸೀಸನ್ ಮುಗಿಯುವವರೆಗೆ ಮನೆಯ ಫೋನು ಡಾಕ್ಟರಿಗೂ, ಮುಂದಿನ ವರ್ಷ ತಮ್ಮ ತಂಡ ಸೇರಲಿರುವ ಹೈಸ್ಕೂಲಿನ ದೈತ್ಯರಿಗೂ ಮೀಸಲು ಎಂದು ಅಮ್ಮ ತಿಳಿಸಿದ್ದಾಳೆ. ಆದ್ದರಿಂದ ಕಾಗದ. ಇದು ಅಮ್ಮನ ಆಜ್ಞೆ. ನನ್ನ ಆಸೆಯಲ್ಲ, ತಮ್ಮದಂತೂ ಅಲ್ಲವೇ ಅಲ್ಲ.

ಮುಖ್ಯ ವಾರ್ತೆ: ನನ್ನನ್ನು ಇಲ್ಲಿನ ತಂಡಕ್ಕೆ ತೆಗೆದುಕೊಂಡರು. ಐದಡಿ ಏಳಿಂಚು, ನೂರ ನಲವತ್ತು ಪೌಂಡು. ಏಪ್ರಿಲ್‌ನಲ್ಲಿ ತಾವು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ಮಗ ಅಂತ ನಿನ್ನ ತಗೊಂಡ್ರೆ, ನಾನು ವಾಪಸ್ ಕಳಿಸಿದ ಹುಡುಗರ ಮುಖ ಹೆಂಗೋ ನೋಡ್ಲಿ?" ಎಂದಿರಲ್ಲ, ಅದೇ ದೇಹ, ಒಂದಿಂಚೂ ಬೆಳೆದಿಲ್ಲ. ಇಲ್ಲಿನ ಕೋಚ್ ಡಿಟ್ಮರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಟೋರ್ಸನ್? ಕ್ಯಾಲ್ಡರ್ ಟೋರ್ಸನ್ ಮಗನೇನೋ?"

"ಹೌದು ಕೋಚ್."

"ನಿಮ್ಮಪ್ಪ ಯಾಕೆ ತಗೊಳ್ಲಿಲ್ಲ?"

"ಕಣ್ಣಿಗೆ ಬೀಳ್ಲಿಲ್ಲ ಕೋಚ್."

ನಕ್ಕರು. ನಕಲಿ ತಂಡಕ್ಕೆ ಹಾಕಿದರು. ಅಮ್ಮನಿಗೆ ಓದಿ ಹೇಳುವಾಗ ಇಷ್ಟು ಸೇರಿಸಬೇಕಾಗಿ ವಿನಂತಿ, ಏಕೆಂದರೆ ಇಪ್ಪತ್ತಾರು ವರ್ಷ ಫುಟ್‌ಬಾಲಿನ ಜೊತೆ ಸಂಸಾರ ಮಾಡಿಯೂ ಆಕೆ ಚೆಂಡು ಯಾಕೆ ಉದ್ದಗಿದೆ ಎಂದು ಕೇಳುವುದನ್ನು ಬಿಟ್ಟಿಲ್ಲ: ನಕಲಿ ತಂಡದವರು ಶನಿವಾರ ಆಡುವವರಲ್ಲ. ಸೋಮವಾರದಿಂದ ಗುರುವಾರದವರೆಗೆ, ಆ ವಾರದ ಎದುರಾಳಿಗಳ ಬಣ್ಣದ ಅಂಗಿ ತೊಟ್ಟು, ಅವರಂತೆಯೇ ಆಡಿ ತೋರಿಸಿ, ನಮ್ಮ ಅಸಲಿ ತಂಡದವರಿಂದ ಒದೆ ತಿನ್ನುವವರು. ನಾನು ಅದರ ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಮೊದಲು ಬರುವುದು ನನಗೆ, ಒದೆಯೂ ಮೊದಲು ನನಗೆ.

ಸೀಸನ್ನಿನ ಕೊನೆಯ ಆಟ ನವೆಂಬರ್ 13ಕ್ಕೆ, ತಮ್ಮ ಮೈದಾನದಲ್ಲಿ, ತಮ್ಮ ಮೇಲೆ. ಬಸ್ಸಿನಲ್ಲಿ ಒಯ್ಯುವುದು ನಲವತ್ತೆಂಟು ಜನರನ್ನು ಮಾತ್ರ. ನಾವಿರುವುದು ಅರವತ್ತೊಂದು. ಆ ನಲವತ್ತೆಂಟರಲ್ಲಿ ಒಬ್ಬನಾಗಿ, ಹೆಲ್ಮೆಟ್ ಹಾಕಿ, ತಮ್ಮ ಎದುರು ಸಾಲಿನಲ್ಲಿ ನಿಂತರೆ ಸಾಕು. ಆಡಿಸದಿದ್ದರೂ ಚಿಂತೆಯಿಲ್ಲ.

ಇಂತಿ ತಮ್ಮ ಆಜ್ಞಾಧಾರಕನಾಗಲು ಅವಕಾಶ ಸಿಗದ,
ಲೈಲ್


ಕ್ಯಾಲ್ಡರ್
ಮಂಗಳವಾರ, 14 ಸೆಪ್ಟೆಂಬರ್

ಲೈಲ್ ಕಂದಾ,

ನಿನ್ನ ಕಾಗದವನ್ನು ನಿಮ್ಮಪ್ಪ ಎರಡು ಸಲ ಓದಿದರು. ಎರಡನೇ ಸಲದ್ದು ನನಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದಾರೆ. "ಏನಾದ್ರೂ ಬರೀರಿ" ಅಂದೆ. "ಏನಂತ ಬರೀಲಿ? ಅವನು ಅಲ್ಲಿ, ನಾನು ಇಲ್ಲಿ" ಅಂದರು. "ಅದಕ್ಕೇ ಅಲ್ವಾ ಕಾಗದ ಬರಿಯೋದು?" ಅಂದೆ. ಎದ್ದು ಗ್ಯಾರೇಜಿಗೆ ಹೋದರು.

ಮೊದಲ ಆಟ ಸೋತರು. ಕಾಲೇಜಿನ ಅಧ್ಯಕ್ಷರು ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಹಂದಿಮಾಂಸ ಚೆನ್ನಾಗಿ ಬೆಂದಿತ್ತು. "ಈ ವರ್ಷ ಒಂದು ನೋಡೋಣ ಆರ್ವಿಲ್" ಎಂಬ ಮಾತನ್ನು ನಾಲ್ಕು ಸಲ ಹೇಳಿದರು. ನಿಮ್ಮಪ್ಪನಿಗೆ ಕೇಳಿಸಿದ್ದು ಒಂದೇ ಸಲವಂತೆ. ಇದನ್ನು ನಿನಗೆ ತಿಳಿಸಬೇಡ ಎಂದಿದ್ದಾರೆ. ಆದ್ದರಿಂದ ತಿಳಿಸುತ್ತಿದ್ದೇನೆ.

ಚೆಂಡು ಯಾಕೆ ಉದ್ದಗಿದೆ ಎಂದು ನಾನು ಕೇಳಿದ್ದು ಒಂದೇ ಒಂದು ಸಲ, ಮದುವೆಯಾದ ವರ್ಷ. ಉತ್ತರ ಇನ್ನೂ ಬಂದಿಲ್ಲ.

ಉಣ್ಣೆಯ ಬನಿಯನ್ ಹಾಕಿಕೋ.

ಅಮ್ಮ


ಬ್ರೆನ್‌ಫೀಲ್ಡ್
ಭಾನುವಾರ, 26 ಸೆಪ್ಟೆಂಬರ್

ಮಹಾಸ್ವಾಮಿಗಳೇ,

ತಮ್ಮ ಮೌನ ತಲುಪಿತು. ಅಚ್ಚುಕಟ್ಟಾಗಿ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ಮೂರು ವಾರದಲ್ಲಿ ಮೂರು ಅವತಾರ ಎತ್ತಿದೆ. ಮೊದಲ ವಾರ ನಾನು ಎಡಗೈಯವನು. ಎಡಗೈಯಲ್ಲಿ ಎಸೆದ ನನ್ನ ಮೊದಲ ಚೆಂಡು ಸಂಗೀತ ವಿಭಾಗದ ಕಿಟಕಿಯಿಂದ ಒಳಹೊಕ್ಕು ಒಂದು ಟ್ರೊಂಬೋನ್ ವಾದನವನ್ನು ಮುಕ್ತಾಯಗೊಳಿಸಿತು. ಕೇಳುಗರು ನನಗೆ ಕೃತಜ್ಞರಾಗಿದ್ದಾರೆ. ಎರಡನೇ ವಾರ ನಾನು ಕುಂಟ. ಎಷ್ಟು ಶ್ರದ್ಧೆಯಿಂದ ಕುಂಟಿದೆನೆಂದರೆ ಊಟದ ಹಾಲಿನಲ್ಲಿ ಬಡಿಸುವ ಹೆಂಗಸು ಕನಿಕರಪಟ್ಟು ಆಲೂಗಡ್ಡೆಯನ್ನು ಎರಡು ಪಾಲು ಹಾಕಿದಳು. ಗುರುವಾರದವರೆಗೆ ನನ್ನ ಕಾಲು ವಾಸಿಯಾಗಲಿಲ್ಲ.

ಮೂರನೇ ವಾರದ್ದು ಇತಿಹಾಸದಲ್ಲಿ ಉಳಿಯುವಂಥದ್ದು. ಆ ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಕೇಳುವ ಮುಂಚೆ ಮೂರು ಸಲ ಉಗುಳುತ್ತಾನೆ. ಅವರ ಹಳೆಯ ಆಟದ ಫಿಲ್ಮಿನಲ್ಲಿ ಇದನ್ನು ಕಂಡುಹಿಡಿದವನು ನಾನೇ. ನಾಲ್ಕು ದಿನ ಬಾಯಿ ಒಣಗುವವರೆಗೆ ಉಗುಳಿದೆ. ನಮ್ಮ ರಕ್ಷಣಾ ಸಾಲಿನ ನಾಯಕ ವೋಸ್, ಹಂದಿ ಸಾಕುವವರ ಮಗ, ಇನ್ನೂರ ನಲವತ್ತು ಪೌಂಡು, ಪ್ರತಿ ಸಲ ನನ್ನನ್ನು ನೆಲಕ್ಕೆ ಕೆಡವಿ "ಕ್ಷಮಿಸಪ್ಪಾ ಸಣ್ಣವ್ನೆ" ಎಂದು ಎತ್ತಿ ನಿಲ್ಲಿಸಿ ಮತ್ತೆ ಕೆಡವುವ ಸಜ್ಜನ, ಮೂರನೇ ಉಗುಳಿಗೆ ಸರಿಯಾಗಿ ನುಗ್ಗುವುದನ್ನು ಕಲಿತ. ನಿನ್ನೆ ಆಟದಲ್ಲಿ ಆ ಮಹಾನುಭಾವ ಒಂದು, ಎರಡು, ಮೂರು ಉಗುಳಿದ. ನಮ್ಮ ಸಾಲು ಪೂರ್ತಿ ಸಿಡಿದು ಮುಂದೆ ಹಾರಿತು. ಅವನು ನಿಧಾನವಾಗಿ ನಾಲ್ಕನೆಯದನ್ನು ಉಗುಳಿದ. ಚೆಂಡು ಅಲ್ಲೇ ಇತ್ತು. ಚೆಂಡು ಅಲುಗುವ ಮುಂಚೆಯೇ ನುಗ್ಗಿದ್ದಕ್ಕೆ ನಮಗೆ ಐದು ಗಜ ದಂಡ.

"ಮೂರು ಅಂದ್ಯಲ್ಲೋ!" ಅಂತ ಡಿಟ್ಮರ್ ಕಿರುಚಿದರು.

"ಅವನಿಗೆ ಶೀತ ಆಗಿರ್ಬೇಕು ಕೋಚ್," ಅಂದೆ.

ಅವರು ನಗಲಿಲ್ಲ. "ನೀನು ಎಲ್ಲಾನೂ ನೋಡ್ತೀಯ, ಅಲ್ವಾ?" ಎಂದರು. ಅದು ಬೈಗುಳವೋ ಬೇರೆ ಏನೋ ತಿಳಿಯಲಿಲ್ಲ.

ಉಗುಳು ತೀರಿದ,
ಲೈಲ್


ಕ್ಯಾಲ್ಡರ್
ಭಾನುವಾರ, 3 ಅಕ್ಟೋಬರ್

ಲೈಲ್,

ಆ ಹುಡುಗನ ಬಾಯಿ ನೋಡಬಾರದಿತ್ತು. ಎಡಗಾಲು ನೋಡಬೇಕಿತ್ತು. ಚೆಂಡು ಕೇಳುವ ಮುಂಚೆ ಎಡ ಹಿಮ್ಮಡಿ ಎತ್ತುತ್ತಾನೆ. ಹೋದ ವರ್ಷವೂ ಹಾಗೇ ಮಾಡುತ್ತಿದ್ದ. ನಿಮ್ಮ ಆಟ ಮುಗಿದ ಮೇಲೆ ಇದನ್ನು ಹೇಳುತ್ತಿದ್ದೇನೆ ಎಂಬುದನ್ನು ಗಮನಿಸು.

ನಿಮ್ಮಮ್ಮ ಟ್ರೊಂಬೋನಿನ ಭಾಗವನ್ನು ಮೂರು ಸಲ ಓದಿಸಿದಳು.

ಅಪ್ಪ


ಬ್ರೆನ್‌ಫೀಲ್ಡ್
ಭಾನುವಾರ, 24 ಅಕ್ಟೋಬರ್

ಪರಮ ಗೌರವಾನ್ವಿತ ಹಿಮ್ಮಡಿ ಶಾಸ್ತ್ರಜ್ಞರಿಗೆ,

ತಮ್ಮ ಆರು ವಾಕ್ಯಗಳು ತಲುಪಿದವು. ಎಣಿಸಿದೆ. ಎರಡು ವಾರ ಉತ್ತರ ಬರೆಯಲಿಲ್ಲ. ಕೈ ಮುರಿದಿರಲಿಲ್ಲ, ಬೆರಳು ಎರಡು ಮಾತ್ರ ಊದಿಕೊಂಡಿದ್ದವು, ಅದೂ ಬಲಗೈಯದಲ್ಲ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ, ಅಷ್ಟೆ.

ನಿನ್ನೆ ಹೊರಗಿನ ಆಟ. ಬಸ್ಸು ಬೆಳಿಗ್ಗೆ ಎಂಟಕ್ಕೆ ಹೊರಟಿತು. ಹೊರಟ ಮೇಲೆ ಕಾಲೇಜಿನಲ್ಲಿ ಉಳಿದ ಗಣ್ಯರು ಮೂವರು: ಹುಲ್ಲು ಕತ್ತರಿಸುವ ಮುದುಕ, ಗ್ರಂಥಾಲಯದ ಬೆಕ್ಕು, ನಾನು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತೆ, ಎದ್ದೆ, ಊರಿನ ಸುತ್ತ ನಡೆದು ಬಂದೆ, ಮತ್ತೆ ಕೂತೆ. ಒಂದೂವರೆಗೆ ರೇಡಿಯೊ ಹಿಡಿದುಕೊಂಡು ಖಾಲಿ ಮೈದಾನಕ್ಕೆ ಹೋದೆ. ರೇಡಿಯೊದವನು ಹೇಳಿದ್ದನ್ನೆಲ್ಲ ಎದುರಾಳಿಯಾಗಿ ನಾನೊಬ್ಬನೇ ಆಡಿದೆ. ಮುದುಕ ಯಂತ್ರ ನಿಲ್ಲಿಸಿ ನೋಡಿದ. "ಯಾರು ಗೆಲ್ತಿದಾರೆ?" ಅಂತ ಕೇಳಿದ. "ನಾನು ಸೋಲ್ತಿದೀನಿ" ಅಂದೆ. "ಹಂಗಾದ್ರೆ ಒಳ್ಳೇದಾಯ್ತು" ಅಂದ.

ಏಳು ವಾರದಲ್ಲಿ ಏಳು ಜನ ಆಗಿದ್ದೇನೆ. ನೀನು ನೀನಾಗಿ ಒಂದು ಸಲ ಆಡಿ ತೋರಿಸು ಅಂತ ಯಾರೂ ಅನ್ನಲಿಲ್ಲ. ಅಂದರೆ ಏನು ಮಾಡುತ್ತೇನೋ ನನಗೂ ಗೊತ್ತಿಲ್ಲ.

ಒಂದು ತಾಂತ್ರಿಕ ಪ್ರಶ್ನೆ: ತಾವು ನಲವತ್ತೆಂಟನೆಯ ಹೆಸರನ್ನು ಹೇಗೆ ಆರಿಸುತ್ತೀರಿ?

ಲೈಲ್


ಕ್ಯಾಲ್ಡರ್
ಬುಧವಾರ, 27 ಅಕ್ಟೋಬರ್

ಲೈಲ್,

ನಲವತ್ತೇಳು ಹೆಸರು ಬರೆಯಲು ಹತ್ತು ನಿಮಿಷ ಬೇಕು. ನಲವತ್ತೆಂಟನೆಯದಕ್ಕೆ ಒಂದು ಗಂಟೆ. ಆಟ ಗೆಲ್ಲಿಸುವವನಲ್ಲ ಅವನು. ಆದ್ದರಿಂದ ಯಾರನ್ನು ಬರೆದರೂ ನಡೆಯುತ್ತದೆ. ಅದೇ ಕಷ್ಟ. ಬರೆಯದೆ ಬಿಟ್ಟವರೆಲ್ಲ ಎದುರಿಗೆ ಬಂದು ನಿಲ್ಲುತ್ತಾರೆ. ಏಪ್ರಿಲ್‌ನಲ್ಲೂ ಹಾಗೇ ಆಯಿತು.

ನಾವು ಎರಡು ಗೆದ್ದಿದ್ದೇವೆ, ಐದು ಸೋತಿದ್ದೇವೆ.

ಅಪ್ಪ

ಇದರ ಕೆಳಗೆ ಜಾಗ ಬಿಟ್ಟಿದ್ದಾರೆ, ನಾನು ತುಂಬುತ್ತೇನೆ. ಬ್ರೆನ್‌ಫೀಲ್ಡನ್ನು ಸೋಲಿಸಿದರೆ ಇನ್ನೊಂದು ವರ್ಷ ಇರು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಇದನ್ನೂ ತಿಳಿಸಬೇಡ ಎಂದಿದ್ದಾರೆ. ಅಮ್ಮ


ಬ್ರೆನ್‌ಫೀಲ್ಡ್
ಭಾನುವಾರ, 7 ನವೆಂಬರ್

ಘನತೆವೆತ್ತ ಕೋಚ್ ಟೋರ್ಸನ್ ಅವರಿಗೆ,

ನಾಳೆಯಿಂದ ನಾಲ್ಕು ದಿನ ನಾನು ಕ್ಯಾಲ್ಡರ್ ಕಾಲೇಜಿನ ಕ್ವಾರ್ಟರ್‌ಬ್ಯಾಕ್. ಇಷ್ಟು ವರ್ಷ ಕಾದ ಹುದ್ದೆ. ತಾವು ಕೊಡಲಿಲ್ಲ, ಡಿಟ್ಮರ್ ಕೊಟ್ಟರು. ತಮ್ಮ ಅಸಲಿ ಕ್ವಾರ್ಟರ್‌ಬ್ಯಾಕ್ ಬಾಯ್ಡ್‌ನಂತೆ ತಲೆ ಓರೆಮಾಡಿ ನಿಲ್ಲುವುದನ್ನು ಇವತ್ತು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಕತ್ತು ಉಳುಕಿದೆ.

ಪಟ್ಟಿ ಬುಧವಾರ ಬೆಳಿಗ್ಗೆ ಅಂಟಿಸುತ್ತಾರೆ. ನನ್ನ ಹೆಸರು ಇರುವುದಿಲ್ಲ ಎಂದು ವೋಸ್ ಹೇಳಿದ್ದಾನೆ. ಬಹಳ ನಯವಾಗಿಯೇ ಹೇಳಿದ.

ತಾತ್ಕಾಲಿಕವಾಗಿ ತಮ್ಮವನೇ ಆದ,
ಲೈಲ್


ಬ್ರೆನ್‌ಫೀಲ್ಡ್
ಬುಧವಾರ, 10 ನವೆಂಬರ್

ಅಪ್ಪ,

ಇವತ್ತು ಭಾನುವಾರ ಅಲ್ಲ, ಗೊತ್ತು.

ಸೋಮವಾರ ಡಿಟ್ಮರ್ ನನ್ನನ್ನು ಪಕ್ಕಕ್ಕೆ ಕರೆದರು. "ಸಣ್ಣವ್ನೆ, ನಿಮ್ಮಪ್ಪ ಅಲ್ಲಿ ನಿಂತ್ಕೊಂಡು ಅಲ್ಲಿ ಇಲ್ಲಿ ಮುಟ್ಕೋತಾ ಹುಡುಗರಿಗೆ ಸನ್ನೆ ಮಾಡ್ತಾನಲ್ಲ, ಅದು ನಿಂಗೆ ಬರತ್ತಾ?" ಅಂದರು. "ಇಲ್ಲ ಕೋಚ್" ಅಂದೆ. "ಬಸ್ಸಲ್ಲಿ ಒಂದು ಸೀಟು ಖಾಲಿ ಇದೆ. ಯೋಚನೆ ಮಾಡು" ಅಂದರು. ಯೋಚನೆ ಮಾಡುವುದೇನೂ ಇರಲಿಲ್ಲ. ನಾನು ಹೇಳುವವನಲ್ಲ ಅಂತಲೇ ಇದ್ದೆ. ಸೋಮವಾರ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ನಿನ್ನೆ ಅಭ್ಯಾಸದಲ್ಲಿ ನಾನು ಬಾಯ್ಡ್ ಆದೆ. ಸಹಾಯಕ ಕೋಚ್ ಒಬ್ಬರು ನೀನಾದರು. ಕಿವಿ ಮುಚ್ಚುವಷ್ಟು ದೊಡ್ಡ ಟೋಪಿ ಹಾಕಿಕೊಂಡು, ಹೊಟ್ಟೆ ಮುಂದೆ ಬಿಟ್ಟು, ಮೂಗು ಕೆರೆದು, ಅಂಡು ಕೆರೆದು, ಕಂಕುಳು ಮೂಸಿ, ಇವೆಲ್ಲ ಟೋರ್ಸನ್ ಸನ್ನೆ ಅಂತ ಕುಣಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಣಕಿಸುವುದು ನನ್ನ ಕಸುಬು, ಇಷ್ಟು ಕೆಟ್ಟದಾಗಿ ಯಾರೂ ಮಾಡಬಾರದು. ನನ್ನ ಬಾಯಿ ತಾನಾಗಿ ತೆರೆಯಿತು.

"ಹಂಗಲ್ಲ" ಅಂದೆ. "ಅವರು ಹಂಗೆ ಮಾಡಲ್ಲ. ಮೊದ್ಲು ತೋಳಿನ ತುದೀಲಿ ತುಟಿ ಒರೆಸ್ಕೋತಾರೆ. ಒರೆಸ್ಕೊಂಡ್ರೆ ಮಾತ್ರ ಮುಂದಿನದು ನಿಜ. ಬೆಲ್ಟು ಮುಟ್ಟಿದ್ರೆ ಎಡಕ್ಕೆ ಓಟ. ಟೋಪಿ ಬಲಕ್ಕೆ. ಕಿವಿ ಮುಟ್ಟಿದ್ರೆ ಎಸೆತ." ನಿಂತು ಮಾಡಿ ತೋರಿಸಿದೆ. ನೀನು ನಿಲ್ಲುವ ಹಾಗೆಯೇ, ಒಂದು ಕಾಲಿನ ಮೇಲೆ ಭಾರ ಬಿಟ್ಟು. ಯಾರೂ ನಗಲಿಲ್ಲ. ಒಂದು ಕ್ಷಣ ನನಗೆ ಎಷ್ಟು ಸಂತೋಷವಾಯಿತು ಅಂದರೆ... ಆಮೇಲೆ ಡಿಟ್ಮರ್ ಬರೆದುಕೊಳ್ಳುತ್ತಿದ್ದುದನ್ನು ನೋಡಿದೆ.

ನೀನು ನನಗೆ ಅದನ್ನು ಕಲಿಸಿರಲಿಲ್ಲ. ಶುಕ್ರವಾರದ ಊಟದಲ್ಲಿ ನೀನು ಫೋರ್ಕು ಹಿಡಿದುಕೊಂಡೇ ಅಭ್ಯಾಸ ಮಾಡುತ್ತಿದ್ದೆ. ನಿನಗೇ ಗೊತ್ತಿರಲಿಲ್ಲ. ನಾನು ಎದುರಿಗೆ ಕೂತಿರುತ್ತಿದ್ದೆ.

ಇವತ್ತು ಪಟ್ಟಿ ಅಂಟಿಸಿದರು. ನಲವತ್ತೆಂಟನೆಯದು ನನ್ನ ಹೆಸರು. ಅಂಗಿ ನಂಬರು ನಲವತ್ತಾರು. ನೀನು ಸನ್ನೆ ಮಾಡಿದಾಗ ನಾನು ಎಡಗೈ, ಬಲಗೈ, ಎಸೆತವಾದರೆ ಎರಡೂ ಕೈ ಎತ್ತಿ ವೋಸ್‌ಗೆ ತೋರಿಸಬೇಕು.

ಸನ್ನೆ ಬದಲಾಯಿಸಿಬಿಡು. ಈ ಕಾಗದ ಶುಕ್ರವಾರ ಸಿಗುತ್ತದೆ, ಒಂದು ಸಂಜೆ ಇರುತ್ತದೆ. ಇದನ್ನು ಬರೆದು ಈಗ ಇಲ್ಲಿನ ನಲವತ್ತೇಳು ಜನಕ್ಕೂ ದ್ರೋಹ ಮಾಡಿದ ಹಾಗಾಯಿತು. ಎರಡು ಕಡೆಗೂ ಸರಿಸಮನಾಗಿ ಹಂಚಿದ್ದೇನೆ.

ಲೈಲ್


ಬ್ರೆನ್‌ಫೀಲ್ಡ್
ಭಾನುವಾರ, 14 ನವೆಂಬರ್

ಅಪ್ಪ,

ನಿನಗೆ ಕಾಗದ ಸಿಕ್ಕಿತ್ತೋ ಇಲ್ಲವೋ?

ಸಿಕ್ಕಿದೆ, ಹೊಸ ಸನ್ನೆ ಬರುತ್ತದೆ, ನನಗೆ ಏನೂ ಓದಲು ಬರುವುದಿಲ್ಲ, ಡಿಟ್ಮರ್ ಬೈಯುತ್ತಾರೆ, ಮುಗಿಯಿತು, ಹೀಗೆ ಅಂದುಕೊಂಡೇ ಬಸ್ಸು ಹತ್ತಿದ್ದೆ. ಮೊದಲನೇ ಸಲ ನೀನು ತುಟಿ ಒರೆಸಿಕೊಂಡೆ, ಬೆಲ್ಟು ಮುಟ್ಟಿದೆ. ನನ್ನ ಎಡಗೈ ಮೇಲೆ ಹೋಯಿತು. ನಾನು ಎತ್ತಲಿಲ್ಲ, ಅದೇ ಹೋಯಿತು. ನಿಮ್ಮ ಹುಡುಗ ಎಡಕ್ಕೆ ಓಡಿದ, ವೋಸ್ ಅಲ್ಲಿ ಕಾಯುತ್ತಿದ್ದ. ಎರಡನೇ ಸಲ ಟೋಪಿ. ಮೂರನೇ ಸಲ ಕಿವಿ. ಎಲ್ಲ ಹಳೆಯವೇ. ಪಕ್ಕದಲ್ಲಿದ್ದವರು ನನ್ನ ಹೆಲ್ಮೆಟ್ಟಿನ ಮೇಲೆ ಬಡಿದು, "ಸಣ್ಣವ್ನೆ, ನೀನು ಚಿನ್ನ ಕಣೋ!" ಅಂದರು. ವರ್ಷವೆಲ್ಲ ಕಾದಿದ್ದ ಮಾತು. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡೆ.

ಎರಡನೇ ಕ್ವಾರ್ಟರಿನ ಕೊನೆಗೆ ನಿಮ್ಮವರು ಹೇಗೋ ನಮ್ಮ ಗೆರೆ ದಾಟಿ ಒಂದು ಟಚ್‌ಡೌನ್ ಹೊಡೆದರು. ನಮಗೆ ಹದಿಮೂರು, ನಿಮಗೆ ಏಳು.

ಅರ್ಧ ಆಟ ಮುಗಿದು ಮತ್ತೆ ಬಂದಾಗ ನೀನು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದೆ. ಆಮೇಲೆ ಒಂದು ಸಲವೂ ಕೈ ಹೊರಗೆ ತೆಗೆಯಲಿಲ್ಲ. ಹದಿಮೂರಕ್ಕೆ ಹತ್ತು ಆಗಿ ಮುಗಿಯಿತು. ಎಲ್ಲರೂ ಮೈದಾನದ ನಡುವೆ ಕೈಕುಲುಕಲು ಹೋದರು. ನಾನು ಬಸ್ಸಿಗೆ ಹೋಗಿ ಸೀಟಿನ ಕೆಳಗೆ ಏನೋ ಹುಡುಕುವವನ ಹಾಗೆ ಬಗ್ಗಿಕೊಂಡೆ. ತೊಂಬತ್ತು ಮೈಲಿ ಅವರೆಲ್ಲ ಹಾಡಿದರು.

ಗೊತ್ತಿದ್ದೂ ಯಾಕೆ ಬದಲಾಯಿಸಲಿಲ್ಲ? ಮುಂದಿನ ವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. ನಾನು ಮನೆಗೆ ಬರಬಹುದಾ, ಅಮ್ಮನ ಕೈಲಿ ಬರೆಸಿದರೂ ಸಾಕು.

ಲೈಲ್


ಕ್ಯಾಲ್ಡರ್
ಬುಧವಾರ, 17 ನವೆಂಬರ್

ಲೈಲ್,

ನಿನ್ನ ಕಾಗದ ಶುಕ್ರವಾರ ಬಂತು. ಬ್ರೆನ್‌ಫೀಲ್ಡಿನ ಅಂಚೆ ಮುದ್ರೆ ನೋಡಿ ಒಡೆಯದೆ ಗಡಿಯಾರದ ಹಿಂದೆ ಇಟ್ಟೆ. ಆಟದ ವಾರದಲ್ಲಿ ಎದುರಾಳಿಯ ಊರಿನಿಂದ ಬಂದ ಯಾವ ಕಾಗದವನ್ನೂ ನಾನು ಒಡೆಯುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೀಗೇ. ನಿಮ್ಮಮ್ಮ ಉಗಿಯ ಮೇಲೆ ಹಿಡಿಯಲು ನೋಡಿದಳು, ಬಿಡಲಿಲ್ಲ. ಶನಿವಾರ ಸಂಜೆ ಮನೆಗೆ ಬಂದ ಮೇಲೆ ಓದಿದೆ. ಮುಂಚೆ ಓದಿದ್ದರೆ ನಾನು ಕೋಚೋ ನಿನ್ನ ಅಪ್ಪನೋ ಒಂದನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಅಂಥ ಪರಿಸ್ಥಿತಿ ಬರಬಾರದೆಂದೇ ನಿಯಮ ಇಟ್ಟುಕೊಳ್ಳುವುದು.

ಅರ್ಧ ಆಟದ ವಿರಾಮದಲ್ಲಿ ಬಾಯ್ಡ್ ಬಂದು ಹೇಳಿದ: "ಕೋಚ್, ಆ ಕಡೆ ಒಬ್ಬ ಕುಳ್ಳ ಇದಾನೆ, ನಲವತ್ತಾರು. ನೀವು ಕೈ ಇಳಿಸೋಕ್ ಮುಂಚೆ ಅವನು ಕೈ ಎತ್ತಿರ್ತಾನೆ. ನಂಗಿಂತ ಬೇಗ ಅವನಿಗೇ ಅರ್ಥ ಆಗತ್ತೆ." ಆಟ ನಡೆಯುವಾಗ ನಾನು ಎದುರು ಸಾಲು ನೋಡುವವನಲ್ಲ. ಆಮೇಲೆ ನೋಡಿದೆ. ಕೈ ಜೇಬಿನಲ್ಲಿ ಇಟ್ಟಿದ್ದು ಕೋಪದಿಂದಲ್ಲ. ಒಬ್ಬೊಬ್ಬ ಹುಡುಗನ ಕಿವಿಯಲ್ಲಿ ಹೇಳಿ ಒಳಗೆ ಕಳಿಸುತ್ತಿದ್ದೆ. ಕೈಗೆ ಕೆಲಸ ಇರಲಿಲ್ಲ. ಚಳಿಯೂ ಇತ್ತು.

ಸೋಮವಾರ ಅಧ್ಯಕ್ಷರು ಕರೆಸಿದರು. ನಾಲ್ಕು ನಿಮಿಷ ಹಿಡಿಯಿತು. ಎಂಟು ಆಟ ಸೋತಿದ್ದೇನೆ. ನೀನು ಇದ್ದದ್ದು ಒಂದರಲ್ಲಿ. ಲೆಕ್ಕ ತಪ್ಪಿಸಿಕೊಂಡು ಎಲ್ಲವನ್ನೂ ನಿನ್ನ ತಲೆಗೆ ಎಳೆದುಕೊಳ್ಳಬೇಡ.

ಸೋಮವಾರವೇ ಆಟದ ಫಿಲ್ಮು ಬಂತು. ಈ ಶುಕ್ರವಾರ ಬೀಗದ ಕೈ ಜೊತೆ ಅದನ್ನೂ ಒಪ್ಪಿಸಬೇಕು. ಪ್ರೊಜೆಕ್ಟರ್ ಸಮೇತ ಮನೆಗೆ ತಂದಿಟ್ಟುಕೊಂಡಿದ್ದೇನೆ. ಕಾಲೇಜಿನ ಒಂದು ಪೆನ್ಸಿಲನ್ನೂ ಮನೆಗೆ ತಂದವನಲ್ಲ ನಾನು. ರಜೆ ಮುಗಿದ ಮೇಲೆ ಕೊಡುತ್ತೇನೆ ಎಂದು ಹೇಳಿದ್ದೇನೆ. ನಮ್ಮ ಕ್ಯಾಮೆರಾ ಇರುವ ಜಾಗದಿಂದ ನಿಮ್ಮ ಸಾಲು ಪೂರ್ತಿ ಕಾಣುತ್ತದೆ. ನನ್ನ ಹುಡುಗರನ್ನು ನೋಡಲಿಲ್ಲ. ನಲವತ್ತಾರನ್ನು ನೋಡಿದೆ. ನಿನಗೆ ಎತ್ತರ ಇಲ್ಲ, ತೋಳಿನಲ್ಲಿ ಬಲ ಇಲ್ಲ ಅಂದಿದ್ದೆ. ಈಗಲೂ ಅದನ್ನೇ ಅನ್ನುತ್ತೇನೆ. ಆದರೆ ನಿನ್ನಂತೆ ಆಟ ಓದುವವನನ್ನು ನಾನು ನೋಡಿಲ್ಲ. ಅದನ್ನು ಏಪ್ರಿಲ್‌ನಲ್ಲಿ ನೋಡಬೇಕಿತ್ತು. ನೋಡಲಿಲ್ಲ.

ಒಂದು ವಿಷಯ. ಎರಡನೇ ಕ್ವಾರ್ಟರು, ಗೆರೆಗೆ ಎರಡು ಗಜ. ನಾನು ತುಟಿ ಒರೆಸಿ ಕಿವಿ ಮುಟ್ಟಿದೆ. ಎಸೆತ. ನಿನ್ನ ಎರಡು ಕೈಗಳೂ ಮೇಲೆ ಹೋಗಬೇಕಿತ್ತು. ಎಡಗೈ ಮಾತ್ರ ಹೋಯಿತು. ನಿಮ್ಮ ಸಾಲು ಪೂರ್ತಿ ಎಡಕ್ಕೆ ನುಗ್ಗಿತು, ನಮ್ಮ ಹುಡುಗ ಬಲಮೂಲೆಯಲ್ಲಿ ಒಬ್ಬನೇ ನಿಂತು ಚೆಂಡು ಹಿಡಿದ. ನಿನ್ನ ಕಾಗದದಲ್ಲಿ "ಹೇಗೋ" ಎಂದು ಬರೆದಿದ್ದೀಯ.

ತಪ್ಪಿ ಓದಿದ್ದರೆ ನಾನು ಕಲಿಸಿಕೊಡಬಲ್ಲೆ, ಈಗ ಬೇಕಾದಷ್ಟು ಸಮಯವಿದೆ. ಬೇಕೆಂದೇ ಮಾಡಿದ್ದರೆ, ಆ ಅಂಗಿ ತೊಟ್ಟುಕೊಂಡು ಮಾಡಬಾರದಿತ್ತು. ನನಗಾಗಿ ಆದರೂ ಮಾಡಬಾರದಿತ್ತು. ಯಾವುದು ಎಂದು ಹನ್ನೊಂದು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಮುಖ ಹೆಲ್ಮೆಟ್ಟಿನ ಒಳಗಿದೆ, ಕಾಣುವುದಿಲ್ಲ.

ಉತ್ತರ ಕಾಗದದಲ್ಲಿ ಬೇಡ. ಬಾ.

ಅಪ್ಪ

ಬರಬಹುದಾ ಅಂತ ಕೇಳ್ತೀಯಲ್ಲೋ ಪೆದ್ದಾ. ಹದಿನಾಲ್ಕು ಪೌಂಡಿನ ಟರ್ಕಿ ಕೋಳಿ ಹೇಳಿಟ್ಟಿದ್ದೇನೆ. ನಾವಿಬ್ಬರೇ ತಿನ್ನಬೇಕಾ? ಅಮ್ಮ


ಬ್ರೆನ್‌ಫೀಲ್ಡ್
ಶನಿವಾರ, 20 ನವೆಂಬರ್

ಅಪ್ಪ,

ಬುಧವಾರ ಎರಡರ ಬಸ್ಸಿಗೆ ಬರಬೇಕೆಂದಿದ್ದೆ. ಅದಕ್ಕೆ ಬರುವುದಿಲ್ಲ, ಐದೂವರೆಯದಕ್ಕೆ ಬರುತ್ತೇನೆ. ಅಮ್ಮನಿಗೆ ಊಟಕ್ಕೆ ಕಾಯಬೇಡ ಅಂತ ಹೇಳು.

ವೋಸ್‌ಗೆ ಇವತ್ತು ಆ ಎಡಗೈಯ ವಿಷಯ ಹೇಳಿದೆ. ಅವನು ಎದ್ದು ಬೂಟು ಹಾಕಿಕೊಂಡು ಹೊರಗೆ ಹೋದ. ಕೋಚ್ ಡಿಟ್ಮರ್ ಬುಧವಾರ ಮೂರು ಗಂಟೆಗೆ ಬಾ ಅಂದಿದ್ದಾರೆ. ಯಾಕೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ಅಂಗಿಯನ್ನು ಒಗೆದು ಮಡಿಸಿಟ್ಟಿದ್ದೇನೆ, ಜೊತೆಗೆ ತೆಗೆದುಕೊಂಡು ಹೋಗುತ್ತೇನೆ.

ಮೊದಲು ಅವರಿಗೆ ಹೇಳಬೇಕು. ಆಮೇಲೆ ನಿನಗೆ.

ಲೈಲ್